ಆ ಊರಲ್ಲಿ ನಮಗೆ ಯಾರಿದ್ದರು

ಕಳೆದ ತಿಂಗಳು, 2023ರ ಜೂನ್‌ನಲ್ಲಿ, ನನ್ನ ಪತಿಯ ಐದನೆಯ ವರ್ಷದ ತಪಾಸಣೆ ಮುಗಿಯಿತು. ಇನ್ನು ಮೇಲೆ ಬರಬೇಕಾಗಿಲ್ಲವೆಂದು ಹೇಳಿ ವೈದ್ಯರು ಇವರ ಕೈ ಕುಲುಕಿ ಕಳುಹಿಸಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಕೊಂಡೇ ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಅತ್ತರು, ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತೇನೆಂದರು, ಆಮೇಲೆ ಐದು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿದರು: "ಅಲ್ಲಿ ನಿಮಗೆ ಅಂತ ಯಾರಿದ್ದರು?" ಫೋನಿನಲ್ಲಿ ಈ ಪ್ರಶ್ನೆಗೆ ನನಗೆ ಒಮ್ಮೆಯೂ ಸರಿಯಾಗಿ ಉತ್ತರಿಸಲು ಆಗಿಲ್ಲ. ಅಮ್ಮನಿಗೂ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ ನೆಂಟರಿಗೂ ಸ್ನೇಹಿತರಿಗೂ ಉತ್ತರವಾಗಿ, ಮತ್ತು ಇಲ್ಲಿನವರ ಋಣವನ್ನು ನನ್ನ ಭಾಷೆಯಲ್ಲಿ ಒಮ್ಮೆಯಾದರೂ ಹೇಳಿಕೊಳ್ಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ವಿವರಗಳು ನಿಮಗೆಲ್ಲ ಗೊತ್ತಿರುವುದರಿಂದ ಅವನ್ನು ಮತ್ತೆ ಕೆದಕುವುದಿಲ್ಲ.

ನಾವಿರುವುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ, ಸ್ವೇಲ್ ನದಿಯ ಕಣಿವೆಯ ಮೇಲ್ಭಾಗದಲ್ಲಿರುವ ಮ್ಯೂಕರ್ ಎಂಬ ಹಳ್ಳಿಯ ಅಂಚಿನಲ್ಲಿ. ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲೆಸಿದ ನಾರ್ವೆಯ ಮೂಲದವರು ಕೊಟ್ಟ ಹೆಸರಿದು. ಕಿರಿದಾದ ಹೊಲ ಎಂದು ಅರ್ಥ. ಬೂದು ಕಲ್ಲಿನ ಮನೆಗಳು, 1580ರಲ್ಲಿ ಕಟ್ಟಿದ ಪುಟ್ಟ ಚರ್ಚು, ಒಂದು ಪಬ್, ಕೈಯಿಂದ ಹೆಣೆದ ಉಣ್ಣೆಯ ಬಟ್ಟೆ ಮಾರುವ ಒಂದು ಅಂಗಡಿ ಇಲ್ಲಿವೆ. ಸುತ್ತಲಿನ ಒಂಟಿ ಮನೆಗಳನ್ನೆಲ್ಲ ಸೇರಿಸಿದರೂ ಈ ಪ್ಯಾರಿಷ್‌ನ, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥ ಘಟಕದ, ಜನಸಂಖ್ಯೆ ಇನ್ನೂರೈವತ್ತರ ಆಸುಪಾಸು. ಸುಣ್ಣ, ಗಾರೆ ಯಾವುದನ್ನೂ ಬಳಸದೆ ಬರಿಯ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಹುಲ್ಲುಗಾವಲನ್ನು ತುಂಡು ತುಂಡಾಗಿ ಭಾಗ ಮಾಡಿ ಬೆಟ್ಟದ ನೆತ್ತಿಯವರೆಗೂ ಏರಿಹೋಗುತ್ತವೆ. ಒಂದೊಂದು ತುಂಡಿಗೂ ಒಂದೊಂದು ಕಲ್ಲಿನ ಕೊಟ್ಟಿಗೆ ಇದ್ದಂತೆ ಕಾಣುತ್ತದೆ. ಕೆಳಗೆ ದನ, ಮೇಲಿನ ಅಟ್ಟದಲ್ಲಿ ಒಣಹುಲ್ಲು. ಮೊದಲ ಸಲ ಅಂಥ ಒಂದು ಕೊಟ್ಟಿಗೆಯೊಳಗೆ ಹೊಕ್ಕಾಗ, ಹುಲ್ಲಿನ ಆ ವಾಸನೆಗೆ ನನಗೆ ಅಜ್ಜನ ಮನೆಯ ಅಟ್ಟ ನೆನಪಾಗಿ ಸ್ವಲ್ಪ ಹೊತ್ತು ಹೊರಗೆ ಬರಲು ಮನಸ್ಸಾಗಲಿಲ್ಲ.

ಇವರು ಇಲ್ಲಿಗೆ ಬಂದದ್ದು ಈ ಹುಲ್ಲುಗಾವಲುಗಳಿಗಾಗಿಯೇ. 1930ರ ದಶಕದಿಂದ ಈಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೂಬಿಡುವ ಹಳೆಯ ಹುಲ್ಲುಗಾವಲುಗಳ ಪೈಕಿ ಶೇಕಡಾ 97ರಷ್ಟು ಇಲ್ಲವಾಗಿವೆಯೆಂಬ ಲೆಕ್ಕವಿದೆ. ಉಳಿದಿರುವವುಗಳಲ್ಲಿ ಮ್ಯೂಕರ್‌ನದು ಬಹಳ ಹೆಸರಾದದ್ದು. ಆ ಹೂವುಗಳ ಅಧ್ಯಯನಕ್ಕೆಂದು 2015ರಲ್ಲಿ ಎರಡು ವರ್ಷದ ಮಟ್ಟಿಗೆ ಬಾಡಿಗೆ ಮನೆ ಹಿಡಿದೆವು. ಕಾಯಿಲೆ ಬಂದದ್ದು ಮೂರನೆಯ ವರ್ಷ.

ಮೊದಲಿಗೆ, ಒಬ್ಬೊಬ್ಬರ ಬಗ್ಗೆಯೂ ಪ್ರತ್ಯೇಕವಾಗಿ ಬರೆಯಬೇಕಾಗಿದ್ದರೂ ಒಟ್ಟಿಗೇ ನೆನೆಯುತ್ತಿರುವುದಕ್ಕೆ ಕ್ಷಮೆ ಕೋರಿ, ಇವರೆಲ್ಲರಿಗೂ ನಮಸ್ಕರಿಸುತ್ತೇನೆ: ನನಗೆ ಕಾರು ಓಡಿಸಲು ಬಾರದಿದ್ದ ಆ ದಿನಗಳಲ್ಲಿ ನನ್ನನ್ನು ಕರೆದೊಯ್ಯುತ್ತಿದ್ದ, ಸಂಬಳವಿಲ್ಲದೆ ದುಡಿಯುವ, ಲಿಟ್ಲ್ ವೈಟ್ ಬಸ್ ಎಂಬ ಊರವರ ಬಸ್ಸಿನ ಚಾಲಕರು, ಪತ್ರದ ಜೊತೆಗೆ ಔಷಧಿಯ ಪೊಟ್ಟಣವನ್ನೂ ತಂದುಕೊಡುತ್ತಿದ್ದ ಅಂಚೆಯಣ್ಣ, ಇವರಿಗೆ ಕೇಳಲಿ ಎಂದು ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮ ಕಿಟಕಿಯ ಕೆಳಗೆ ನಿಂತು ನುಡಿಸಿದ ಊರಿನ ಬ್ಯಾಂಡಿನವರು, ಇವರ ಪ್ರಯೋಗದ ಹೊಲದ ಗೂಟಗಳನ್ನು ಕುರಿಗಳು ಕೀಳದಂತೆ ಕಾದ ರೈತರು, ಮತ್ತು ಲೀಡ್ಸ್‌ನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ಸಾರಿನ ಪುಡಿ, ಅಪ್ಪೆಮಿಡಿ, ಒಂದು ಮೂಟೆ ಅಕ್ಕಿ ಇಳಿಸಿಹೋದ ಕನ್ನಡದ ಎರಡು ಕುಟುಂಬಗಳು.

ಇನ್ನು ಒಬ್ಬರ ವಿಷಯ. ತಮ್ಮ ಹೆಸರು ಬರೆಯಬೇಡವೆಂದು ಅವರು ಹೇಳಿದ್ದಾರೆ. ನಾನು ಮನಸ್ಸಿನಲ್ಲಿ ಅವರನ್ನು ಮೊದಲಿನಿಂದಲೂ ದೊಡ್ಡಮ್ಮ ಎಂದೇ ಕರೆದುಕೊಂಡು ಬಂದಿರುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ದೊಡ್ಡಮ್ಮ ನಮ್ಮ ಮೇಲಿನ ಮನೆಯವರು. ನಡುವೆ ಒಂದು ಗದ್ದೆಯಷ್ಟು ದೂರದ ಹುಲ್ಲುಗಾವಲು, ಎರಡು ಕಲ್ಲಿನ ಗೋಡೆ. ಗಂಡ ತೀರಿಕೊಂಡ ಮೇಲೆ ಕುರಿಮಂದೆಯನ್ನು ಮಗನಿಗೆ ಒಪ್ಪಿಸಿ ಒಬ್ಬರೇ ಇದ್ದರು. ಗೋಡೆಯ ಮೇಲೆ ಡಬ್ಬಿಯಿಟ್ಟು ಮೊಟ್ಟೆ ಮಾರುತ್ತಿದ್ದರು; ಬೇಕಾದವರು ಮೊಟ್ಟೆ ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿಹೋಗುವುದು ಇಲ್ಲಿನ ಕ್ರಮ. ನಾವು ಸಸ್ಯಾಹಾರಿಗಳಾದ್ದರಿಂದ ಮೊಟ್ಟೆಯ ನೆಪದಲ್ಲಿ ಪರಿಚಯವಾಗಲು ಅವಕಾಶವಿರಲಿಲ್ಲ. ಅಕ್ಟೋಬರ್ ಬರುವುದರೊಳಗೆ ಕಲ್ಲಿದ್ದಲು ತುಂಬಿಸಿಕೊಳ್ಳಿ ಎಂದು ಹೇಳಲು ಅವರೇ ಒಂದು ದಿನ ಬಾಗಿಲಿಗೆ ಬಂದರು. ಮೂರು ವರ್ಷಗಳಲ್ಲಿ ನಮ್ಮ ನಡುವೆ ನಡೆದ ಮಾತು ಹವಾಮಾನ, ಹುಲ್ಲು, ಒಲೆ ಇಷ್ಟರಲ್ಲೇ ಮುಗಿಯುತ್ತಿತ್ತು ಎಂದರೆ ತಪ್ಪಾಗಲಾರದು.

2018ರ ಫೆಬ್ರುವರಿ ಕೊನೆಯ ವಾರದಲ್ಲಿ ಪೂರ್ವದ ಕಡೆಯಿಂದ ಆ ಶೀತಗಾಳಿ ಬಂದಿತು. ಪತ್ರಿಕೆಗಳು ಅದನ್ನು ಪೂರ್ವದ ಮೃಗವೆಂದು ಕರೆದವು. ಇವರು ಆಸ್ಪತ್ರೆಯಿಂದ ಮನೆಗೆ ಬಂದು ಐದು ದಿನವಾಗಿತ್ತು. ಮಾರ್ಚ್ 1ರ ಗುರುವಾರ ಅದರ ಜೊತೆಗೆ ಎಮ್ಮಾ ಎಂಬ ಬಿರುಗಾಳಿಯೂ ಸೇರಿಕೊಂಡಿತು. 526 ಮೀಟರ್ ಎತ್ತರದ ಬಟರ್‌ಟಬ್ಸ್ ಘಾಟಿ ಅದಕ್ಕೂ ಮೊದಲೇ ಮುಚ್ಚಿಹೋಗಿತ್ತು. ಕಣಿವೆಯ ಒಂದೇ ರಸ್ತೆಯ ಮೇಲೆ, ಎರಡೂ ಬದಿಯ ಗೋಡೆಗಳ ನಡುವೆ, ಗೋಡೆಯ ಮಟ್ಟಕ್ಕೆ ಹಿಮ ತುಂಬಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ವಿದ್ಯುತ್ ಹೋಯಿತು. ಹತ್ತರ ಹೊತ್ತಿಗೆ ಇವರ ಉಸಿರು ಬದಲಾಯಿತು.

ಆಗ ಇಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಮನೆಯಲ್ಲಿದ್ದ ದೂರವಾಣಿ ತಂತಿಯಿಲ್ಲದ ಹ್ಯಾಂಡ್‌ಸೆಟ್. ಅದರ ಪೀಠಕ್ಕೆ ವಿದ್ಯುತ್ ಇಲ್ಲದಿದ್ದರೆ ಅದು ಬರಿಯ ಪ್ಲಾಸ್ಟಿಕ್ ತುಂಡು ಎಂಬುದು ಅದನ್ನು ಕೈಗೆತ್ತಿಕೊಳ್ಳುವವರೆಗೂ ನನಗೆ ಹೊಳೆದಿರಲಿಲ್ಲ. ಟಾರ್ಚ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದೆ. ಹೊರಗೆ ಹೋಗಿ ಕೂಗೋಣವೆಂದರೆ ಇವರನ್ನು ಬಿಟ್ಟುಹೋಗಲು ಧೈರ್ಯವಿಲ್ಲ; ಕೂಗಿದರೂ ಆ ಗಾಳಿಯಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ಈಗ ಲೆಕ್ಕ ಸಿಗುವುದಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ದೊಡ್ಡಮ್ಮ ನಿಂತಿದ್ದರು. ಹುಬ್ಬಿನ ಮೇಲೆಲ್ಲ ಹಿಮ, ಒಂದು ಕೈಯಲ್ಲಿ ಕುರುಬರ ಕೋಲು. ಕೋಟಿನ ಗುಂಡಿ ಬಿಚ್ಚಿ ಅವರು ಹೊರತೆಗೆದದ್ದು ಕೆನೆಬಣ್ಣದ, ಸುರುಳಿ ತಂತಿಯ, ಹಳೆಯ ಕಾಲದ ಒಂದು ಟೆಲಿಫೋನ್. ನಮ್ಮ ಮನೆಯಲ್ಲಿರುವುದು ಎಂಥ ಫೋನ್ ಎಂಬುದನ್ನು ಅವರು ಎಂದೋ ನೋಡಿ ನೆನಪಿಟ್ಟುಕೊಂಡಿದ್ದರು. ವಿದ್ಯುತ್ ಹೋದಾಗ ಕಿಟಕಿಯಲ್ಲಿ ನಿಂತು ನೋಡಿದ್ದಾರೆ; ನಮ್ಮ ಟಾರ್ಚಿನ ಬೆಳಕು ಒಂದು ಕಡೆ ನಿಲ್ಲದೆ ಓಡಾಡುತ್ತಿರುವುದು ಕಂಡಿದೆ; ತಮ್ಮ ಫೋನನ್ನು ಗೋಡೆಯಿಂದ ಕಿತ್ತು ಒಣಗಿದ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಎರಡು ಗೋಡೆಗಳನ್ನು ದಾಟಿ, ಸೊಂಟದವರೆಗಿನ ಹಿಮದಲ್ಲಿ ಇಳಿದುಬಂದಿದ್ದಾರೆ. ಆಗ ಅವರಿಗೆ ಎಪ್ಪತ್ತಮೂರು ವರ್ಷ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುವುದರಿಂದ ಅದು ಕತ್ತಲೆಯಲ್ಲಿಯೂ ಕೆಲಸ ಮಾಡುತ್ತದೆ. ಮಂಡಿಯೂರಿ ಕುಳಿತು ಅವರು ಅದನ್ನು ಸಿಕ್ಕಿಸಿದಾಗ ಆ ಪೆಟ್ಟಿಗೆಯಿಂದ ಬಂದ ಡಯಲ್ ಟೋನಿನಷ್ಟು ಇಂಪಾದ ನಾದವನ್ನು ನಾನು ಈವರೆಗೆ ಕೇಳಿಲ್ಲ. ಈಗ ದೇಶದಾದ್ಯಂತ ಈ ತಂತಿಗಳನ್ನು ತೆಗೆದು ಇಂಟರ್ನೆಟ್ ಮೂಲಕ ಸಾಗುವ ದೂರವಾಣಿ ತರುತ್ತಿದ್ದಾರೆ. ವಿದ್ಯುತ್ ಹೋದರೆ ಅದೂ ಹೋಗುತ್ತದೆ. ಇಂಥ ಕಣಿವೆಗಳಲ್ಲಿ ಪ್ರತಿ ಮನೆಗೂ ಬ್ಯಾಟರಿ ಕೊಡದೆ ಆ ಕೆಲಸಕ್ಕೆ ಕೈಹಾಕಬಾರದೆಂದು ನಾನು ನಮ್ಮ ಸಂಸತ್ ಸದಸ್ಯರಿಗೆ ಎರಡು ಪತ್ರ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಇಲ್ಲಿನ ತುರ್ತು ಸಂಖ್ಯೆಯಾದ 999ಕ್ಕೆ ಕರೆ ಹೋಯಿತು. ಆ ಹಿಮದಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲ, ಆಂಬ್ಯುಲೆನ್ಸ್ ಕಣಿವೆಯೊಳಗೆ ಬರುವಂತಿಲ್ಲ, ಪರ್ವತ ರಕ್ಷಣಾ ತಂಡದವರು ಹೊರಡುತ್ತಾರೆ, ಆದರೆ ಬೆಳಗಾಗಬಹುದು ಎಂದರು. ಅಲ್ಲಿಯವರೆಗೆ ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಎಣಿಸಿ ಹೇಳುತ್ತಿರಬೇಕು. ನಾನು ಎಣಿಸಲು ಹೋದೆ. ಆರಕ್ಕೋ ಏಳಕ್ಕೋ ಲೆಕ್ಕ ತಪ್ಪುತ್ತಿತ್ತು. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಇವರ ಎದೆಯ ಮೇಲೆ ಅಂಗೈಯಿಟ್ಟು, ಕೈಗಡಿಯಾರ ನೋಡುತ್ತ ಮೆಲ್ಲಗೆ ಎಣಿಸತೊಡಗಿದರು: ಯಾನ್, ಟ್ಯಾನ್, ಟೆದರ್, ಮೆದರ್, ಪಿಪ್. ಕುರಿ ಎಣಿಸಲು ಈ ಕಣಿವೆಯ ಹಿರಿಯರು ಬಳಸುತ್ತಿದ್ದ ಸಂಖ್ಯೆಗಳವು. ಇಂಗ್ಲಿಷ್ ಈ ನೆಲಕ್ಕೆ ಬರುವ ಮೊದಲಿದ್ದ, ಇಂದಿನ ವೆಲ್ಷ್ ಭಾಷೆಗೆ ನೆಂಟಸ್ತಿಕೆಯುಳ್ಳ ಒಂದು ಭಾಷೆಯ ಉಳಿಕೆಯೆಂದು ಹಲವರು ಹೇಳುತ್ತಾರೆ. ಈಗ ಹಾಗೆ ಎಣಿಸುವವರು ಇಲ್ಲವೆಂದೇ ಹೇಳಬೇಕು. ದೊಡ್ಡಮ್ಮನಿಗೆ ಅದು ಅಜ್ಜನಿಂದ ಬಂದದ್ದು. ಗಾಬರಿಯಾದಾಗ ಇಂಗ್ಲಿಷಿನ ಲೆಕ್ಕ ಓಡಿಬಿಡುತ್ತದೆ, ಇದಾದರೆ ನಡೆಯುತ್ತದೆ ಎಂದು ಆಮೇಲೆ ಹೇಳಿದರು.

ರಾತ್ರಿ ಮೂರು ಗಂಟೆಯ ಹೊತ್ತಿಗೆ ಎಣಿಕೆ ತೀರ ಕಡಿಮೆಯಾಯಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಹಲವು ದಿನ ಯೋಚಿಸಿದ್ದೇನೆ. ಇಲ್ಲಿ ಚರ್ಚು ಕಟ್ಟುವ ಮೊದಲು ಸತ್ತವರನ್ನು ಬೆತ್ತದಂಥ ಬರಲಿನ ಬುಟ್ಟಿಯಲ್ಲಿಟ್ಟು, ನದಿಯ ಬದಿಯ ದಾರಿಯಲ್ಲಿ ಮೈಲಿಗಟ್ಟಲೆ ಹೊತ್ತು, ಗ್ರಿಂಟನ್‌ನ ಚರ್ಚಿನವರೆಗೆ ಒಯ್ಯುತ್ತಿದ್ದರಂತೆ. ಆ ಹಾದಿಗೆ ಇಂದಿಗೂ ಶವದ ದಾರಿ ಎಂದೇ ಹೆಸರು. ಬಂದ ಹೊಸದರಲ್ಲಿ ಇವರೇ ಅದನ್ನು ನನಗೆ ತೋರಿಸಿದ್ದರು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಆ ದಾರಿಯೊಂದೇ. ಮದುವೆಯಾಗಿ ಹನ್ನೊಂದು ವರ್ಷ ಇವರನ್ನು ನಾನು ಬಹುವಚನದಲ್ಲಲ್ಲದೆ ಮಾತನಾಡಿಸಿದವಳಲ್ಲ. ಅಂದು, "ಯಾಕೆ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದೆ? ಈ ಹಿಮದಲ್ಲಿ ನನ್ನನ್ನು ಒಬ್ಬಳನ್ನೇ ಬಿಟ್ಟುಹೋಗಲಿಕ್ಕಾ? ನಿನ್ನ ಹೂವಿಗೆ ಬೆಂಕಿ ಬೀಳಲಿ" ಎಂದು ಕೂಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಂದಮೇಲೆ ಹೆದರಿ ಸುಮ್ಮನಾದೆ.

ದೊಡ್ಡಮ್ಮನಿಗೆ ನನ್ನ ಕನ್ನಡದ ಒಂದು ಪದವೂ ತಿಳಿಯುವಂತಿರಲಿಲ್ಲ. ದನಿ ತಿಳಿಯದಿರಲು ಸಾಧ್ಯವಿರಲಿಲ್ಲ. ಅಂಗೈಯನ್ನು ಇವರ ಎದೆಯಿಂದ ತೆಗೆಯದೆಯೇ ನನ್ನ ಕಡೆ ತಿರುಗಿ, "ಅವನಿಗೆ ಕೇಳಿಸುತ್ತಿದೆ, ಲವ್. ಬೈಯುವುದಿದ್ದರೂ ಬೈ, ಮಾತು ಮಾತ್ರ ನಿಲ್ಲಿಸಬೇಡ" ಎಂದರು. ಯಾರ್ಕ್‌ಷೈರಿನಲ್ಲಿ ಬಸ್ಸಿನ ಚಾಲಕರೂ ಅಂಗಡಿಯವರೂ ಎಲ್ಲರನ್ನೂ ಲವ್ ಎಂದೇ ಕರೆಯುತ್ತಾರೆ. ಅದಕ್ಕೆ ವಿಶೇಷ ಅರ್ಥವಿಲ್ಲವೆಂದು ನನಗೆ ಗೊತ್ತು. ಅಂದು ನನ್ನ ಕಿವಿಗೆ ಅದು ಮಗಳೇ ಎಂದು ಕೇಳಿಸಿತು. ನಾನು ಮಾತನಾಡಿದೆ. ಬೈಗುಳ ಮುಗಿದ ಮೇಲೆ ಇವರ ಊರಿನ ತೋಟ, ಅತ್ತೆಯವರು ಮಾಡುವ ತಂಬುಳಿ, ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಕುಳಿತು ಹಲಸಿನ ಬೀಜ ಸುಟ್ಟು ತಿಂದದ್ದು, ಹೀಗೆ ನೆನಪಾದದ್ದನ್ನೆಲ್ಲ ಹೇಳುತ್ತ ಹೋದೆ. ಒಂದು ಬದಿಯಲ್ಲಿ ನನ್ನ ಕನ್ನಡ, ಇನ್ನೊಂದು ಬದಿಯಲ್ಲಿ ಅವರ ಕುರಿಯ ಎಣಿಕೆ, ನಡುವೆ ನೆಲದ ಮೇಲೆ, ಕರೆ ಕಡಿಯದೆ ಇಟ್ಟಿದ್ದ ಆ ಟೆಲಿಫೋನು. ಒಲೆ ಆರದಂತೆ ಅರ್ಧ ಗಂಟೆಗೊಮ್ಮೆ ಎದ್ದು ಕಲ್ಲಿದ್ದಲು ಹಾಕುತ್ತಿದ್ದವರೂ ಅವರೇ. ಐದೂವರೆಗೆ ಅವರ ಎಣಿಕೆ ಬಮ್‌ಫಿಟ್ ಮುಟ್ಟಿತು. ಬಮ್‌ಫಿಟ್ ಎಂದರೆ ಹದಿನೈದು. ಆ ಪದವನ್ನು ಅವರು ಎರಡು ಸಲ ಹೇಳಿದರು.

ಹಿಮ ಸರಿಸುವ ಟ್ರ್ಯಾಕ್ಟರಿನ ಹಿಂದೆ ರಕ್ಷಣಾ ತಂಡದ ವಾಹನ ಬಂದಾಗ ಏಳು ದಾಟಿತ್ತು. ಟ್ರ್ಯಾಕ್ಟರ್ ಓಡಿಸುತ್ತಿದ್ದ ರೈತ ರಾತ್ರಿಯಿಡೀ ಮಲಗಿರಲಿಲ್ಲ. ವಾಹನದಲ್ಲಿದ್ದ ಐವರೂ ಹಗಲಿನಲ್ಲಿ ತಮ್ಮ ತಮ್ಮ ಕೆಲಸಕ್ಕೆ ಹೋಗುವವರು. ಇಂಗ್ಲೆಂಡಿನ ಪರ್ವತ ರಕ್ಷಣಾ ತಂಡಗಳಲ್ಲಿ ಯಾರಿಗೂ ಸಂಬಳವಿಲ್ಲ, ವಾಹನದ ಇಂಧನವೂ ಹೆಚ್ಚಾಗಿ ಜನರು ಕೊಡುವ ದೇಣಿಗೆಯಿಂದಲೇ ಬರಬೇಕು. ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿದ್ದನ್ನು ಸಂಕೋಚದಿಂದ ತಡೆದುಕೊಂಡೆ. ಈಗ ಇಲ್ಲಿಂದಲೇ ಮಾಡುತ್ತಿದ್ದೇನೆ. ಸ್ಟ್ರೆಚರಿನ ಜೊತೆ ನಾನು ಹೊರಟುಹೋದ ಮೇಲೆ ದೊಡ್ಡಮ್ಮ ಒಲೆಯ ಬೂದಿ ತೆಗೆದು, ಪಾತ್ರೆ ತೊಳೆದು, ತಮ್ಮ ಫೋನನ್ನು ನಮ್ಮ ಮನೆಯಲ್ಲೇ ಬಿಟ್ಟು ಹಿಂದಿರುಗಿದ್ದರು. ಅದು ಇಂದಿಗೂ ನಮ್ಮಲ್ಲೇ ಇದೆ. ಅವರಿಗೆ ಅಂಥದ್ದೇ ಇನ್ನೊಂದನ್ನು ಹುಡುಕಿ ತಂದುಕೊಟ್ಟೆವು.

ಆ ನಂತರದ ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ವರ್ಷಕ್ಕೆಂದು ಹಿಡಿದ ಮನೆಯಲ್ಲಿ ನಾವು ಎಂಟನೆಯ ವರ್ಷಕ್ಕೆ ಕಾಲಿಟ್ಟಿದ್ದೇವೆ. ನಾನು ಕಾರು ಓಡಿಸಲು ಕಲಿತಿದ್ದೇನೆ. ಇವರು ಮತ್ತೆ ಹುಲ್ಲುಗಾವಲಿಗೆ ಹೋಗುತ್ತಾರೆ, ಮೊದಲಿನಷ್ಟು ವೇಗವಾಗಿ ನಡೆಯುವುದಿಲ್ಲ. ಯುಗಾದಿಗೆ ಹೋಳಿಗೆ ತೆಗೆದುಕೊಂಡು ಹೋದರೆ ದೊಡ್ಡಮ್ಮ ಅದರ ಮೇಲೆ ಬೆಣ್ಣೆ ಸವರಿಕೊಂಡು ತಿನ್ನುತ್ತಾರೆ. ತುಪ್ಪಕ್ಕಿಂತ ಅದೇ ರುಚಿ ಎಂಬ ಅವರ ಅಭಿಪ್ರಾಯವನ್ನು ಬದಲಿಸಲು ನನ್ನಿಂದ ಆಗಿಲ್ಲ. ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಈ ದೊಡ್ಡಮ್ಮನೇ. ನೀವು ಹಚ್ಚುವ ದೀಪದಲ್ಲಿ ಒಂದು ಬತ್ತಿ ಅವರ ಹೆಸರಿನಲ್ಲಿರಲಿ.

ಮೊನ್ನೆ ಸಂಜೆ ನಾವು ಮೂವರೂ ಮ್ಯೂಕರ್‌ನ ಹುಲ್ಲುಗಾವಲಿನ ಕಲ್ಲುಹಾಸಿನ ದಾರಿಯಲ್ಲಿ ಹೋದೆವು. ಹುಲ್ಲು ತುಳಿಯದಂತೆ ಒಬ್ಬರ ಹಿಂದೊಬ್ಬರು ನಡೆಯಬೇಕೆಂದು ಅಲ್ಲಿ ಫಲಕವಿದೆ. ಮುಂದೆ ದೊಡ್ಡಮ್ಮ, ನಡುವೆ ಇವರು, ಹಿಂದೆ ನಾನು. ಅಲ್ಲಿ ಯೆಲ್ಲೋ ರ‍್ಯಾಟಲ್ ಎಂಬ ಹಳದಿ ಹೂವಿನ ಗಿಡವಿದೆ. ಬೇರಿನಿಂದ ಹುಲ್ಲಿನ ಸತ್ವ ಹೀರಿ ಅದರ ಸೊಕ್ಕು ತಗ್ಗಿಸಿ, ಬೇರೆ ಹೂವುಗಳಿಗೆ ಜಾಗ ಮಾಡಿಕೊಡುವ ಗಿಡವದು, ಇವರು ಇಷ್ಟು ವರ್ಷ ಅಳೆದು ಬರೆದದ್ದು ಹೆಚ್ಚಾಗಿ ಅದನ್ನೇ. ಅದರ ಕಾಯಿ ಒಣಗಿ ಒಳಗಿನ ಬೀಜ ಸದ್ದು ಮಾಡಿದರೆ ಹುಲ್ಲು ಕೊಯ್ಲಿಗೆ ಬಂತೆಂದು ಲೆಕ್ಕ. ದೊಡ್ಡಮ್ಮ ನಿಂತು, ಬಾಗಿ, ಒಂದು ಕಡ್ಡಿ ಕಿತ್ತು ಇವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಇನ್ನೊಂದು ವಾರ ಬೇಕು ಎಂದರು. ಎರಡು ದಿನ ಸಾಕು ಎಂದು ದೊಡ್ಡಮ್ಮ ಮುಂದೆ ನಡೆದರು.