ಲಾವಣಿಯ ವೀರನಿಗೆ ಹೂಮಾಲೆಯೊಂದೇ ಸಾಕೇ?

ಮಾನ್ಯ ಸಂಪಾದಕರಿಗೆ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದು, ಜನಪದರು ಹಾಡಿಕೊಂಡು ಬಂದ ವೀರರ ಕಥೆಗಳನ್ನು ಸಿನಿಮಾದವರು ತಮಗೆ ತೋಚಿದಂತೆ ತಿದ್ದುವುದು ಹಿರಿಯರಿಗೆ ಬಗೆಯುವ ಅಪಚಾರವೆಂದು ವಾದಿಸಿತ್ತು. ಆ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ತಿದ್ದುವುದರಲ್ಲಿಯೂ ಒಂದು ಶಿಸ್ತು ಸಾಧ್ಯವೆಂಬುದಕ್ಕೆ 1989ರ ಮಲಯಾಳಂ ಚಿತ್ರ ‘ಒರು ವಡಕ್ಕನ್ ವೀರಗಾಥ’ ನಮ್ಮ ಕಣ್ಣೆದುರಿಗಿದೆ. ಎಂ.ಟಿ. ವಾಸುದೇವನ್ ನಾಯರ್ ಬರೆದು ಹರಿಹರನ್ ನಿರ್ದೇಶಿಸಿದ ಈ ಚಿತ್ರ, ಎಂ.ಟಿ.ಯವರು ತೀರಿಕೊಂಡ ಕೆಲವೇ ವಾರಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಹೊಸ ಪ್ರತಿಯಾಗಿ ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದಿತ್ತು.

ಉತ್ತರ ಕೇರಳದ ಕಡತ್ತನಾಡು ಸೀಮೆಯಲ್ಲಿ ಭತ್ತದ ಸಸಿ ನೆಡುವ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುಬಂದ ವೀರಗೀತೆಗಳಿಗೆ ವಡಕ್ಕನ್ ಪಾಟ್ಟು ಎಂದು ಹೆಸರು. ಅವುಗಳಲ್ಲಿ ಬರುವ ಪುತ್ತೂರಂ ಮನೆತನದ ಚೇಕವರ್‌ಗಳು, ಒಡೆಯರ ವ್ಯಾಜ್ಯ ಮಾತಿನಲ್ಲಿ ತೀರದಿದ್ದಾಗ ಅವರ ಪರವಾಗಿ ಕಣಕ್ಕಿಳಿದು ಪ್ರಾಣ ಪಣಕ್ಕಿಟ್ಟು ಕಾದುವವರು. ಹಾಡಿನ ಪ್ರಕಾರ, ಆರೋಮಲ್ ಎಂಬ ವೀರ ಅರಿಂಙೋಡರ್ ಎಂಬ ಪಳಗಿದ ಕಟ್ಟಾಳುವಿನೆದುರು ನಿಂತಾಗ, ಜೊತೆಗಿದ್ದ ಸೋದರ ಸಂಬಂಧಿ ಚಂದು ಎದುರಾಳಿಯ ಆಮಿಷಕ್ಕೆ ಒಳಗಾಗಿ, ಕಮ್ಮಾರನ ಕೈ ಬೆಚ್ಚಗೆ ಮಾಡಿ, ಖಡ್ಗದ ಕಬ್ಬಿಣದ ಮೊಳೆ ತೆಗೆಸಿ ಬಿದಿರಿನ ಮೊಳೆ ಹಾಕಿಸುತ್ತಾನೆ. ಖಡ್ಗ ಮುರಿದರೂ ಆರೋಮಲ್ ಗೆಲ್ಲುತ್ತಾನೆ. ದಣಿದು ಚಂದುವಿನ ತೊಡೆಯ ಮೇಲೆ ತಲೆಯಿಟ್ಟಾಗ ಚಂದು ದೀಪದ ಕಂಬದಿಂದ ಅವನನ್ನು ತಿವಿಯುತ್ತಾನೆ. ಕೇರಳದಲ್ಲಿ ಚಂದುವಿನ ಹೆಸರಿಗೆ ವಂಚಕನೆಂಬ ವಿಶೇಷಣ ಅಂಟಿಕೊಂಡದ್ದು ಹೀಗೆ. 1961ರ ‘ಉಣ್ಣಿಯಾರ್ಚ’ ಚಿತ್ರದಲ್ಲಿಯೂ ಅವನು ಖಳನೇ.

ಎಂ.ಟಿ. ಮಾಡಿದ್ದೇನೆಂದರೆ, ಹಾಡಿನಲ್ಲಿದ್ದ ಒಂದು ವಸ್ತುವನ್ನೂ ಕೈಬಿಡದೆ ಕಥೆಯನ್ನು ಚಂದುವಿನ ಕಡೆಯಿಂದ ಹೇಳಿದರು. ಖಡ್ಗ ಇಲ್ಲಿಯೂ ಮುರಿಯುತ್ತದೆ, ಕಮ್ಮಾರನಿಗೆ ಲಂಚ ಇಲ್ಲಿಯೂ ಸಂದಾಯವಾಗುತ್ತದೆ, ದೀಪದ ಕಂಬ ಇಲ್ಲಿಯೂ ಆರೋಮಲ್‌ನ ಪ್ರಾಣ ತೆಗೆಯುತ್ತದೆ. ಆದರೆ ಲಂಚ ಕೊಟ್ಟದ್ದು ಬೇರೆ ಕೈ. ಸಾವು ಸಂಭವಿಸಿದ್ದು, ಸಿಟ್ಟಿನಿಂದ ಮೇಲೆ ಬಿದ್ದ ಆರೋಮಲ್‌ನೊಡನೆ ನಡೆದ ಎಳೆದಾಟದಲ್ಲಿ. ಹಂಗಿನ ಮನೆಯಲ್ಲಿ ಬೆಳೆದ ಅನಾಥ ಹುಡುಗನೊಬ್ಬ, ಕಲಿತ ವಿದ್ಯೆಯಲ್ಲಿ ಮನೆಯ ಮಗನಿಗಿಂತ ಒಂದು ಕೈ ಮೇಲಾದರೆ ಎಂಥ ಅಸೂಯೆಗೆ ಗುರಿಯಾಗಬೇಕಾಗುತ್ತದೆ ಎಂಬುದೇ ಚಿತ್ರದ ತಿರುಳು. ವಯಸ್ಸಾದ ಚಂದು, ತನ್ನ ಮೇಲೆ ಸೇಡು ತೀರಿಸಿಕೊಳ್ಳಲು ಬಂದ ಹುಡುಗರೆದುರು, ಪಾಣರೆಂಬ ಹಾಡುಗಾರರು ಹಾಡಿನಲ್ಲಿ ತನ್ನ ತಲೆಗೆ ಕಟ್ಟಿದ ಅಪವಾದಗಳನ್ನು ತಾನೇ ಒಂದೊಂದಾಗಿ ಎಣಿಸುತ್ತಾನೆ. ಬಿದಿರಿನ ಮೊಳೆಯ ಮಾತಿಗೆ ಕಮ್ಮಾರನಿಗೆ ತಾನು ಕೊಟ್ಟನೆನ್ನುವ ಹದಿನಾರು ಪಣದ ಲೆಕ್ಕವನ್ನೂ ಬಿಡುವುದಿಲ್ಲ. ಚಿತ್ರಕಥೆಗೂ ಮಮ್ಮುಟ್ಟಿಯವರ ಅಭಿನಯಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಇದನ್ನು ಅಪಚಾರವೆನ್ನುವುದಾದರೆ ನಮ್ಮ ಕೋಳಿವಾಡದ ಕುಮಾರವ್ಯಾಸನನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಾದೀತು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಆತ ಹಾಡಿದ ಭಾರತದಲ್ಲಿ ಕೃಷ್ಣನೇ ಕಥಾನಾಯಕ. ಹಾಗಿದ್ದೂ ಕರ್ಣನ ಸಂಕಟದ ಭಾಗ ಬಂದಾಗ ಗಮಕಿಗಳ ದನಿ ಇಂದಿಗೂ ಗದ್ಗದವಾಗುತ್ತದೆ, ಕೇಳುವವರ ಕಣ್ಣೂ ಒದ್ದೆಯಾಗುತ್ತದೆ. ಎದುರು ಪಾಳೆಯದವನ ಎದೆಯೊಳಗೆ ಇಣುಕಿ ನೋಡುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ.

ಹಾಗೆಂದು ಚಿತ್ರದಲ್ಲಿ ಕುಂದಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಅಭಿಮಾನದಿಂದ ಹಾಡಿದ, ಆರೋಮಲ್‌ನ ತಂಗಿ ಉಣ್ಣಿಯಾರ್ಚ, ದಾರಿಗಡ್ಡ ಬಂದ ಪುಂಡರನ್ನು ಕತ್ತಿ ಹಿಡಿದು ಹಿಮ್ಮೆಟ್ಟಿಸಿದವಳು. ಚಂದುವಿನ ಮೈಮೇಲಿನ ಮಸಿಯನ್ನು ತೊಳೆಯುವ ಭರದಲ್ಲಿ ಎಂ.ಟಿ. ಅದರಲ್ಲಿ ಒಂದಿಷ್ಟನ್ನು ಅವಳ ಮೇಲೆ ಚೆಲ್ಲಿ, ಒಲಿದಂತೆ ಮಾಡಿ ಕೈಕೊಡುವ ಹೆಣ್ಣಾಗಿಸಿದ್ದು, ಕಿತ್ತೂರು ಚೆನ್ನಮ್ಮನ ಹಾಡು ಕೇಳುತ್ತ ಬೆಳೆದ ನನ್ನಂಥವರಿಗೆ ಸುಲಭಕ್ಕೆ ಜೀರ್ಣವಾಗುವುದಿಲ್ಲ.

ನಮ್ಮಲ್ಲಿಯೂ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’, 2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದವು, ಜನ ಮುಗಿಬಿದ್ದು ನೋಡಿದರು. ನಾನೂ ನೋಡಿ ಶಿಳ್ಳೆ ಹೊಡೆದವನೇ. ಆದರೆ ಒಟ್ಟಾರೆಯಾಗಿ ನಮ್ಮ ಐತಿಹಾಸಿಕ ನಾಟಕ, ಸಿನಿಮಾಗಳಲ್ಲಿ ವೀರನಿಗೆ ಹೂಮಾಲೆ ಬೀಳುತ್ತದೆ, ಹಿಡಿದುಕೊಟ್ಟವನು ಮೀಸೆ ತಿರುವಿ ಮರೆಯಾಗುತ್ತಾನೆ, ಅಷ್ಟಕ್ಕೇ ಕಥೆ ಮುಗಿಯುತ್ತದೆ. ಲಾವಣಿಕಾರರು ಇದಕ್ಕಿಂತ ಸೂಕ್ಷ್ಮಜ್ಞರಾಗಿದ್ದರು. ನಮ್ಮ ಗದಗ ಜಿಲ್ಲೆಯ ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ ಹಲಗಲಿ ಬೇಡರ ಲಾವಣಿಯನ್ನೇ ನೋಡಿ. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಹುಕುಮನ್ನು ಧಿಕ್ಕರಿಸಿದ ಜಡಗ, ಬಾಲ, ಹನುಮ, ರಾಮರ ಶೌರ್ಯ ಅದರಲ್ಲಿದೆ. ಅದರ ಜೊತೆಗೆ ದಂಡಿನವರು ಊರು ಹೊಕ್ಕು ದೋಚಿದ ಕೊಡಲಿ, ಬೆಣ್ಣೆ, ಉಪ್ಪು, ಅರಿಶಿಣ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರದವರೆಗಿನ ಪಟ್ಟಿಯೂ ಇದೆ. ಬೇಡರಿಂದ ಕಪಾಳಕ್ಕೆ ಹೊಡೆಸಿಕೊಂಡ ಕಾರಕೂನನೂ ಅಲ್ಲಿದ್ದಾನೆ, ಒಂದೇ ಒಂದು ಸಾಲಿನಲ್ಲಿ. ಪರರ ಹುಕುಮನ್ನು ಕೈಯಲ್ಲಿ ಹಿಡಿದು ನಮ್ಮವರ ಮುಂದೆಯೇ ನಿಲ್ಲಬೇಕಾಗಿ ಬಂದ ಈ ಸಂಬಳದ ಮನುಷ್ಯ, ಊರ ಮಂದಿಯೆದುರು ಪೆಟ್ಟು ತಿಂದು ಹೋದಮೇಲೆ ಮೇಲಿನವರಿಗೆ ಏನೆಂದು ವರದಿ ಒಪ್ಪಿಸಿದ, ಹಲಗಲಿ ಸುಟ್ಟ ಸುದ್ದಿ ಕೇಳಿದ ದಿನ ಅವನಿಗೆ ಉಣ್ಣಲು ಸೇರಿತೇ? ನಮ್ಮಲ್ಲೊಬ್ಬ ಚಿತ್ರಕಥೆಗಾರ ಈ ಪ್ರಶ್ನೆ ಹಿಡಿದು ಕುಳಿತರೆ ಜಡಗ, ಬಾಲರ ಮಾನ ಎಳ್ಳಷ್ಟೂ ಮುಕ್ಕಾಗದು.

ಆದಕಾರಣ ಹುಬ್ಬಳ್ಳಿ-ಧಾರವಾಡದ ಚಿತ್ರ ಸಮಾಜಗಳಲ್ಲಿ ಮತ್ತು ಜಾನಪದ ಕ್ಷೇತ್ರದ ಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ. ಹಕ್ಕುದಾರರ ಅನುಮತಿ ಪಡೆದು ‘ಒರು ವಡಕ್ಕನ್ ವೀರಗಾಥ’ದ ಹೊಸ ಪ್ರತಿಯನ್ನು ಇಲ್ಲಿ ಒಮ್ಮೆಯಾದರೂ ಪ್ರದರ್ಶಿಸಬೇಕು, ಅದೂ ಕನ್ನಡದ ಅಡಿಬರಹಗಳೊಂದಿಗೆ. ಇಂಗ್ಲಿಷ್ ಅಡಿಬರಹವಿದ್ದರೆ ನಮ್ಮ ಲಾವಣಿಕಾರರೂ ದೊಡ್ಡಾಟದ ಕಲಾವಿದರೂ ಹೊರಗೇ ಉಳಿಯುತ್ತಾರೆ, ನೋಡಬೇಕಾದವರು ಮುಖ್ಯವಾಗಿ ಅವರು. ಹುಬ್ಬಳ್ಳಿಯಲ್ಲಿ ನೆಲೆಸಿರುವ, ಎರಡೂ ಭಾಷೆ ಬಲ್ಲ ಮಲಯಾಳಿ ಬಂಧುಗಳು ಮನಸ್ಸು ಮಾಡಿದರೆ ಅಡಿಬರಹದ ಕೆಲಸ ಕಷ್ಟದ್ದಲ್ಲ. ಚಿತ್ರಕ್ಕೆ ಮೊದಲು ಅದೇ ವೇದಿಕೆಯಲ್ಲಿ ಹಲಗಲಿಯ ಲಾವಣಿಯನ್ನು ಡಪ್ಪು, ತುಂತುಣಿಯೊಂದಿಗೆ ಪೂರ್ತಿಯಾಗಿ ಹಾಡಿಸಿದರೆ ಇನ್ನೂ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಧಾರವಾಡ