ಎಲ್ ಮೊಕಾಂಬೊ ಆಲ್ಬಂ: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ರೋಲಿಂಗ್ ಸ್ಟೋನ್ಸ್ ರಾಕ್ ಬ್ಯಾಂಡಿನ ಈ ಲೈವ್ ಆಲ್ಬಂ ಬಗ್ಗೆ ನಿನ್ನೆ ರಾತ್ರಿ ಗುಂಪಿನಲ್ಲಿ ನಡೆದ ಜಟಾಪಟಿ ಪೂರ್ತಿ ಓದಿದೆ, ಮಜವಾಗಿತ್ತು. "ಹಳೇದನ್ನೇ ಮತ್ತೆ ಮಾರ್ತಿದ್ದಾರೆ" ಅಂತ ಸುಮ್ನೆ ಬೈಯಬೇಡಿ. 1977ರ ಮಾರ್ಚ್‌ನಲ್ಲಿ ಟೊರಾಂಟೊದ ಎಲ್ ಮೊಕಾಂಬೊ ಅನ್ನೋ ಒಂದು ಪುಟ್ಟ ಕ್ಲಬ್ಬಿನಲ್ಲಿ ನುಡಿಸಿದ್ದು ಇದು, ಅದೇ ವರ್ಷ ಬಂದ ಅವರ 'ಲವ್ ಯು ಲೈವ್' ಆಲ್ಬಂನಲ್ಲಿ ಇದರ ನಾಲ್ಕು ಹಾಡು ಮಾತ್ರ ಇದ್ದವು, ಉಳಿದದ್ದು ಅಧಿಕೃತವಾಗಿ ಕೈಗೆ ಸಿಕ್ಕಿದ್ದು 2022ರಲ್ಲಿ. ಹಳೇ ರೆಕಾರ್ಡಿಂಗಿನ ಸೌಂಡ್ ಜಾಸ್ತಿ ಕ್ಲೀನ್ ಮಾಡಿಬಿಟ್ಟಿದ್ದಾರೆ ಅನ್ನೋರ ಮಾತು ಬೇರೆ, ಅದರಲ್ಲಿ ಸ್ವಲ್ಪ ನ್ಯಾಯ ಇದೆ. ಆದರೂ ಹೆಡ್‌ಫೋನ್ ಹಾಕಿ, ಅವತ್ತು ಅವರ ಜೊತೆ ನುಡಿಸಿದ ಬಿಲ್ಲಿ ಪ್ರೆಸ್ಟನ್ ಕೀಬೋರ್ಡ್ ಕೇಳಿ, ಆಮೇಲೆ ಜಗಳ ಆಡಿ.

ಭಾನುವಾರ ಸಂಜೆ 5ಕ್ಕೆ ಸರಸ್ವತಿಪುರಂನಲ್ಲಿ, ಮಾಮೂಲಿ ಮನೆ, ಒಟ್ಟಿಗೆ ಕೂತು ಕೇಳೋಣ. ಬರುವವರು ಶನಿವಾರದೊಳಗೆ ಹೇಳಿ, ಕಾಫಿಗೆ ಹಾಲು ತರಿಸಬೇಕು. ಕದ್ದ ಡೌನ್‌ಲೋಡ್ ಲಿಂಕ್ ಹಾಕಿದರೆ ಅಳಿಸುತ್ತೇನೆ. ರಾತ್ರಿ 11ರ ಮೇಲೆ ವಾಯ್ಸ್ ಮೆಸೇಜ್ ಬೇಡ ಮಾರಾಯ್ರೆ.