ಆರ್‌ಡಿ ಐಡಲಿಂಗ್: ಭಾನುವಾರಕ್ಕೆ ಮೊದಲು ಓದಿ

ಭಾನುವಾರ ಮಲ್ಪೆಗೆ ಆರ್‌ಡಿ 350 (ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬೈಕ್) ತರುವವರ ಗಮನಕ್ಕೆ.

ಐಡಲಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ನಿಧಾನಕ್ಕೆ ಓಡುತ್ತಿರುವುದು) ಸಮವಾಗಿ ನಿಲ್ಲುತ್ತಿಲ್ಲ ಅಂತ ನೇರ ಏರ್ ಸ್ಕ್ರೂಗೆ, ಅಂದರೆ ಐಡಲಿಂಗಿನ ಗಾಳಿ ಹೊಂದಿಸುವ ಸ್ಕ್ರೂಗೆ, ಕೈ ಹಾಕಬೇಡಿ ಮಾರ್ರೆ. ಮೊದಲು ಎರಡೂ ಕಾರ್ಬ್ಯುರೇಟರಿನ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಸ್ಲೈಡ್, ಅಂದರೆ ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಬಾಗಿಲು, ಒಟ್ಟಿಗೆ ಏಳುತ್ತವಾ ನೋಡಿ. ಕಾರ್ಬ್ಯುರೇಟರನ್ನು ಇಂಜಿನ್‌ಗೆ ಜೋಡಿಸುವ ರಬ್ಬರ್ ಬಿರುಕು ಬಿಟ್ಟಿದ್ದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ, ಮತ್ತೆ ಸ್ಕ್ರೂ ಎಷ್ಟು ತಿರುಗಿಸಿದರೂ ದಂಡ.

ಏರ್ ಸ್ಕ್ರೂ ಹಗುರವಾಗಿ ಮುಚ್ಚಿ (ಬಿಗಿದರೆ ತುದಿ ಹಾಳು), ಸುಮಾರು ಒಂದೂವರೆ ಸುತ್ತು ಬಿಚ್ಚಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ, ಶಬ್ದ ಏರಿ ಸಮವಾದಲ್ಲಿ ನಿಲ್ಲಿಸಿ. ಆರ್‌ಡಿಯಲ್ಲಿ ಈ ಸ್ಕ್ರೂ ಒಳಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಜಾಸ್ತಿ. ಕಾರ್ಬ್ಯುರೇಟರಿನ ಇಂಜಿನ್ ಬದಿಗೆ ಸ್ಕ್ರೂ ಇರುವ ಫೋರ್ ಸ್ಟ್ರೋಕ್‌ಗಳಲ್ಲಿ ಉಲ್ಟಾ. ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿದರೆ ಹೊಡೆತ ಒಂದೇ ಸಮ ಸಿಗಬೇಕು.

ರಬ್ಬರ್ ಹೋದವರು ಇವತ್ತೇ ಹೇಳಿ, ಒಟ್ಟಿಗೆ ತರಿಸುವ.